ಪದಕ ಚುಚ್ಚುವ ಕಡೆ

ತೀರಿಕೊಂಡ ಕರ್ನಲ್ ಸಾಹೇಬರ ಶ್ರದ್ಧಾಂಜಲಿ ಸಭೆಗೆ ತಂತಿ ಎಳೆಯುತ್ತಾ ಮೈಕಿನವನು ಸಭಾಂಗಣದ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲೇ ಸಾಹೇಬರ ಹೆಂಡತಿ ಗಂಡನ ಪದಕಗಳ ಪಟ್ಟಿಯನ್ನು ಮಗನ ಕೋಟಿಗೆ ಚುಚ್ಚುತ್ತಿದ್ದರು. ಕೇಳಬಾರದು ಅಂದುಕೊಂಡರೂ ಕಿವಿಗೆ ಬಾಗಿಲಿಲ್ಲವಲ್ಲ.

“ಎಡಗಡೆ ಬೇಡಮ್ಮ! ಅದು ಗಳಿಸಿದವರ ಜಾಗ. ಮನೆಯವರು ಹಾಕ್ಕೊಳ್ಳೋದು ಬಲಕ್ಕೆ.”

“ನಿಮ್ಮಪ್ಪನಿಗೆ ಮೂವತ್ತು ವರ್ಷ ಎಡಕ್ಕೇ ಚುಚ್ಚಿದ್ದೀನಿ. ಕೈ ತಾನಾಗೇ ಅಲ್ಲಿಗೆ ಹೋಗುತ್ತೆ.”

“ಒಳಗಿರೋರೆಲ್ಲ ಮಿಲಿಟರಿಯವರು. ನವಿಲು ಕುಣೀತು ಅಂತ ಕೆಂಬೂತಾನೂ ಕುಣೀತು ಅಂತ ನಗ್ತಾರೆ.”

“ಸರಿ, ಬಲಕ್ಕೇ ಹಾಕ್ತೀನಿ. ಈ ಕಡೆ ತಿರುಗು.”

“ಬೇಡ. ನಾನು ಹಾಕ್ಕೊಳ್ಳೋದೇ ಇಲ್ಲ.”

“ಅಪ್ಪನ ಮೇಲಿನ ಸಿಟ್ಟು ಇವತ್ತಾದರೂ ಬಿಡೋ!”

“ನಾನು ಹುಟ್ಟಿದಾಗ ಎಲ್ಲಿದ್ರು?”

“ಗಡಿಯಲ್ಲಿ.”

“ತಂಗಿ ಹುಟ್ಟಿದಾಗ?”

“ಗಡಿಯಲ್ಲೇ.”

“ಹದಿನಾಲ್ಕು ವರ್ಗಾವಣೆಗೂ ಗಂಟುಮೂಟೆ ಕಟ್ಟಿದೋರು ಯಾರು?”

ಅಷ್ಟರಲ್ಲಿ ಒಳಗಿಂದ ಕರೆ ಬಂತು. ಮಗ ಪಟ್ಟಿಯನ್ನು ಅಮ್ಮನ ಕೈಯಿಂದ ಕಿತ್ತುಕೊಂಡು, ಅವರದೇ ಶಾಲಿಗೆ ಚುಚ್ಚಿದ.

“ಅಯ್ಯೋ, ಇದು ಎಡಗಡೆ ಕಣೋ! ಎಲ್ಲರೂ ತಪ್ಪು ಅಂತಾರೆ.”

“ಅಂದ್ಕೊಳ್ಳಲಿ. ಗಳಿಸಿದವರ ಜಾಗ ಅದೇ. ನಡಿಯಮ್ಮ.”