ಮೂರನೇ ಮಂಚದ ಚಾರ್ಟ್

ಅತ್ತೆಯ ಎಕ್ಸ್‌ರೇ ಹಿಡಿದು ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದ ಟೈಲರ್ ಹೆಂಗಸಿನ ಕಿವಿ, ಮುಂದೆ ನಿಂತಿದ್ದ ಇಬ್ಬರು ನರ್ಸುಗಳ ಮಾತಿಗೆ ಅಂಟಿಕೊಂಡಿತು.

"ಹೆಡ್ ನರ್ಸ್ ನಿನ್ನೆ ನಿನಗೆ ಬೈದ್ರಂತೆ?" ದೊಡ್ಡವಳು ಕೇಳಿದಳು.

"ವಾರ್ಡಿನ ನಟ್ಟನಡುವೆ! 'ಏ ಹುಡುಗಿ, ಮೂರನೇ ಮಂಚದ ಇಂಜೆಕ್ಷನ್ ಮರೆತು ಎಲ್ಲಿ ಹಾಳಾಗಿ ಹೋಗಿದ್ದೆ?' ಅಂತ."

"ನೀನೂ ತಿರುಗಿಸಿ ಕೊಟ್ಯಾ?"

"ಮೈಯೆಲ್ಲ ಉರೀತು. ಹಲ್ಲು ಕಚ್ಚಿಕೊಂಡು, 'ಮೇಡಂ, ಬನ್ನಿ, ಮಂಚದ ಹತ್ರಾನೇ ಇಬ್ಬರೂ ಚಾರ್ಟ್ ನೋಡೋಣ' ಅಂದೆ."

"ಬಂದ್ರಾ?"

"ಬಂದ್ರು. ಇಂಜೆಕ್ಷನ್ ಕೊಡಬೇಕಿದ್ದದ್ದು ಬೆಳಿಗ್ಗೆ ಹತ್ತಕ್ಕೆ. ಆಗ ಡ್ಯೂಟಿ ಅವರದೇ! ನಾನು ಬಂದಿದ್ದೇ ಮಧ್ಯಾಹ್ನ ಎರಡಕ್ಕೆ."

"ಸಿಕ್ಕಿಬಿದ್ರು! ಚೆನ್ನಾಗಿ ಝಾಡಿಸಿದ್ಯಾ?"

"ಇಲ್ಲ. 'ಮೊದಲು ಡಾಕ್ಟರಿಗೆ ಹೇಳೋಣ, ಜಗಳ ಆಮೇಲೆ' ಅಂದೆ. ಇಂಜೆಕ್ಷನ್ ಆಯ್ತು, ಜಗಳ ಆಗಲೇ ಇಲ್ಲ."

"ಇವತ್ತು?"

"ಡ್ಯೂಟಿ ಬದಲಾಗೋ ಹೊತ್ತಿಗೆ ಚಾರ್ಟ್ ಹಿಡಿದು ಮೊದಲನೇ ಮಂಚದ ಹತ್ರ ಅವರೇ ಕಾಯ್ತಿದ್ರು. ವಾರ್ಡಿಗೆಲ್ಲ ಕೇಳೋ ಹಾಗೆ, 'ಬನ್ನಿ ಸಿಸ್ಟರ್, ಇಲ್ಲಿಂದ ಶುರು ಮಾಡೋಣ' ಅಂದ್ರು."

"ಬನ್ನಿ ಅಂದ್ರಾ! ಸಿಸ್ಟರ್ ಅಂದ್ರಾ!"

ಲಿಫ್ಟ್ ಬಂತು. ದೊಡ್ಡವಳು ಚಿಕ್ಕವಳ ಬೆನ್ನಿಗೊಂದು ಗುದ್ದಿ, ಒಳಗೆ ಎಳೆದುಕೊಂಡಳು. ಬಾಗಿಲು ಮುಚ್ಚಿತು. ಹತ್ತುವುದನ್ನೇ ಮರೆತ ಟೈಲರ್ ಹೆಂಗಸು, ತಾನೇ ಗೆದ್ದವಳಂತೆ ಎಕ್ಸ್‌ರೇ ಎತ್ತಿ ಹಿಡಿದು ನಿಂತಿದ್ದಳು.