ಎಲೆ ಸಮೇತ

೧೯೬೧ನೇ ಇಸವಿ ಆಗಸ್ಟ್ ೧೭, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶಿವಮೊಗ್ಗದ ಜವಳಿ ವ್ಯಾಪಾರಿ ಕೊಟ್ರಬಸಪ್ಪನವರು ಅಂಗಡಿಯ ಫೋನನ್ನು ಮೊದಲ ರಿಂಗಿಗೇ ಎತ್ತಿಕೊಂಡರು. ಹಿಂದಿನ ದಿನವಷ್ಟೇ ಭದ್ರಾವತಿಯ ವೀರಪ್ಪನವರು ಮಗನಿಗೆ ಹೆಣ್ಣು ನೋಡಲು ಅವನೊಂದಿಗೆ ಬಂದು, ಇವರ ಮಗಳು ಶಾಮಲಾಳನ್ನು ನೋಡಿ, ಅರಿಶಿನದ ಎಲೆಯಲ್ಲಿ ಬೇಯಿಸಿದ ಸಿಹಿಗಡುಬು ತಿಂದು, ನಾಳೆ ತಿಳಿಸುತ್ತೇವೆಂದು ಹೋಗಿದ್ದರು.

“ಹಲೋ... ಯಾರು ಮಾತಾಡ್ತಿರೋದು? ಹಾಂ? ಭದ್ರಾವತಿನಾ?... ಓ, ವೀರಪ್ಪನೋರಾ! ನಮಸ್ಕಾರ. ಹುಡುಗ ಏನಂದ?...”

“...ಒಪ್ಪಿಗೆನಾ! ... ಹಾಂ? ‘ಆದ್ರೆ’ನಾ? ಏನು ಆದ್ರೆ?...”

“...ಸಂಕೋಚ ಬೇಡ, ಹೇಳಿ... ಕಡುಬಾ? ಚೆನ್ನಾಗಿತ್ತಲ್ವಾ?... ಹೂರಣ ಅಲ್ವಾ? ಮತ್ತೆ?... ಎಲೆನಾ?”

ಕೊಟ್ರಬಸಪ್ಪನವರು ಫೋನನ್ನು ಕಿವಿಗೆ ಒತ್ತಿಕೊಂಡರು. ನಿನ್ನೆ ವೀರಪ್ಪನವರು ಎಲೆ ಬಿಡಿಸದೆ ಹಾಗೇ ಕಡುಬು ಕಚ್ಚಿ ತಿಂದಿದ್ದರು. ಅವರಿಗೆ ಮುಜುಗರವಾಗದಿರಲೆಂದು ಮನೆಮಂದಿಯೆಲ್ಲ ಎಲೆ ಸಮೇತ ತಿಂದು, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಕೊಂಡಿದ್ದರು.

“...ಛೇ ಛೇ, ನಾವೇನೂ ತಪ್ಪು ತಿಳ್ಕೊಳ್ಳಿಲ್ಲ... ಹಾಂ? ನಿಮ್ಮಲ್ಲಿ ಎಲೆ ತಿನ್ನೋ ಪದ್ಧತಿ ಇಲ್ವಾ?... ನಮ್ಮನೆಗೆ ಬಂದಾಗೆಲ್ಲಾ ತಿನ್ಬೇಕಾ ಅಂತ ಹುಡುಗ ಕೇಳ್ತಿದಾನಾ?...”

“...ಅಲ್ಲ ಮಾರಾಯ್ರೇ, ನಮ್ಮಲ್ಲೂ ಇಲ್ಲ! ನೀವು ತಿಂದ್ರಿ ಅಂತ ನಾವು ತಿಂದ್ವಿ. ನಮ್ಮಮ್ಮ ಬಂಗಾರಮ್ಮನೋರಿಗೆ ಹಲ್ಲೇ ಇಲ್ಲ, ರಾತ್ರಿ ಊಟದ ಹೊತ್ತಿಗೂ ಅಗೀತಾನೇ ಇದ್ರು!...”

“...ಏನಂದ್ರಿ? ಮೊದ್ಲು ತಿಂದಿದ್ದು... ನಾನಾ? ನಾನ್ಯಾಕೆ ತಿನ್ಲಿ?... ಹುಡುಗನ್ನ ಕೇಳಿ ಹೇಳ್ತೀನಿ ಅಂದ್ರಲ್ಲ ನೀವು, ಆಗಾ?”

ನೆನಪಾಯಿತು. ಆಗ ತಾವೇ ವೀರಪ್ಪನವರ ಮುಖ ನೋಡುತ್ತ, ಕೈಗೆ ಸಿಕ್ಕ ಕಡುಬನ್ನು ಬಾಯಿಗಿಟ್ಟುಕೊಂಡಿದ್ದರು. ಅಕ್ಕಿಹಿಟ್ಟು ಯಾಕೋ ನಾರುನಾರಾಗಿದೆ ಅನ್ನಿಸಿತ್ತು.

“...ಹೂಂ, ನಾನೇ ಇರ್ಬೇಕು... ನಗ್ಬೇಡಿ ಸ್ವಾಮಿ... ಆಗ್ಲಿ ಆಗ್ಲಿ, ಮದ್ವೇಲಿ ಎಲೆ ಬಿಡ್ಸೇ ಬಡಿಸ್ತೀವಿ. ಹಾಗಾದ್ರೆ ಗಟ್ಟಿ ತಾನೇ?... ಗಟ್ಟಿ! ಬಹಳ ಸಂತೋಷ, ಬೀಗರೇ!...”

“...ಹಾಂ? ಹುಡುಗನಿಗೆ ಬೆಳಿಗ್ಗೆಯಿಂದ ಹೊಟ್ಟೆನೋವಾ? ಡಾಕ್ಟ್ರು ಪಕ್ಕದಲ್ಲೇ ಇದಾರಾ?... ಏನು ಕೇಳ್ತಾರೆ? ಎಲೆ ಎಷ್ಟುದ್ದ ಅಂತಾನಾ? ಇರಿ ಇರಿ, ಬುತ್ತೀಲಿ ಒಂದು ಕಡುಬಿದೆ... ಬಿಡಿಸ್ತಿದೀನಿ... ಹಲೋ? ಬೀಗರೇ? ಹಲೋ?...”

ಲೈನು ಕಡಿದುಹೋಗಿತ್ತು. ಆದರೂ ಕೊಟ್ರಬಸಪ್ಪನವರು ಎಲೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಸಿ, ಸುಕ್ಕು ಬಿಡಿಸಿ, ಬಟ್ಟೆ ಅಳೆಯುವ ಕೋಲನ್ನು ಪಕ್ಕದಲ್ಲಿಟ್ಟರು.

ಹದಿನಾಲ್ಕೂವರೆ ಅಂಗುಲ.