ಸೆರಗಿನ ಮೂಲೆಯ ಅರಿಶಿನ

ಮೋಸ ಮಾಡಿದ್ದಾರೆ, ಸಣ್ಣಮ್ಮ. ಎರಡು ತುಂಡು ಸೇರಿಸಿ ಹೊಲಿದದ್ದನ್ನು ಇಡೀ ಸೀರೆ ಎಂದು ಮಾರಿದ್ದಾರೆ. ಧಾರೆಗೆ ಉಡುವ ಸೀರೆ ಎಂದು ನೀನು ಬಾಯಿಬಿಟ್ಟು ಹೇಳಿದ ಮೇಲೂ ಮಾರಿದ್ದಾರೆ. ಮುಖ ಒರೆಸಿಕೋ, ಆ ತುದಿ ಹಿಡಿ. ಬಾಗಿಲಿಗೆ ಬಾ, ಬಿಸಿಲಿಗೆ ಹಿಡಿ... ನೀನು ಕಂಡದ್ದು ಇದೇ ತಾನೇ? ಇಲ್ಲಿ, ನೆರಿಗೆಯ ಮಡಿಕೆಯೊಳಗೆ. ಕೆಂಪು ದಾರ, ಕೆಂಪು ಬಟ್ಟೆ. ಬೆರಳಾಡಿಸಿದರೆ ಮಾತ್ರ ತಿಳಿಯುವ ಹೊಲಿಗೆ.

ಹೊಲಿಗೆ ಬಿದ್ದ ಸೀರೆಯನ್ನು ಮದುಮಗಳಿಗೆ ಉಡಿಸುವುದುಂಟಾ? ಸೋಮವಾರ ಧಾರೆ. ಬಾಡ ಊರಿನ ಬೀಗರು ಸೀರೆ ಮುಟ್ಟಿ ನೋಡದೆ ಬಿಡುವವರಾ? ಮುರಿದು ಸೇರಿಸಿದ ಸಂಸಾರ ಅಂತಾರೆ. ನಮ್ಮ ದೇವಿಯ ತಲೆಗೆ ಆ ಮಾತು ಜೀವಮಾನವಿಡೀ ಅಂಟಿಕೊಳ್ತದೆ. ಗೊತ್ತು, ಗೊತ್ತು. ತಂಗಿಯ ಮಗಳು, ನನ್ನ ಸೊಸೆಯಲ್ಲವಾ ಅವಳು? ನೀನು ಹೇಳಬೇಕಾ ನನಗೆ?

ಎಂತ? ವಾಪಸ್ ಕೊಡಲು ಹೋಗಿದ್ದೆಯಾ? ಯಾವಾಗ? ಇವತ್ತೇ? ನನಗೊಂದು ಮಾತು ಹೇಳಬಾರದಿತ್ತಾ? ಮಂಕಿಯಿಂದ ಕಾಸರಕೋಡಿನವರೆಗೆ ನಡೆದು, ತಾರಿ ದೋಣಿಯಲ್ಲಿ ಹೊಳೆ ದಾಟಿ, ಹೊನ್ನಾವರದ ಅಂಗಡಿ ಮುಂದೆ ಒಬ್ಬಳೇ ನಿಂತೆಯಾ... ಎಂತ ಅಂದ ಆ ಬೋಳುತಲೆಯ ಅಂಗಡಿಯವ? ಮೂಲೆಯಲ್ಲಿ ಅರಿಶಿನ ಹಚ್ಚಿದೆ, ಅರಿಶಿನ ಹಚ್ಚಿದ್ದು ಉಟ್ಟ ಬಟ್ಟೆಯ ಲೆಕ್ಕ, ತಗೊಳ್ಳುವುದಿಲ್ಲ ಅಂದನಾ?

ಅಂದೇ ಅಂತಾನೆ. ಅರಿಶಿನ ಹಚ್ಚಿದ್ದು ವಾಪಸ್ ಇಲ್ಲ ಅಂತ ಬೋರ್ಡೇ ಹಾಕಿದ್ದಾನೆ. ಕುಮಟೆಯಲ್ಲಿ ಒಂದು ಅಂಗಡಿ, ಹೊನ್ನಾವರದಲ್ಲಿ ಒಂದು, ಭಟ್ಕಳದಲ್ಲಿ ಒಂದು. ಮೂರು ಊರು, ಒಂದೇ ಹೆಸರು, ಒಂದೇ ದರ, ಒಂದೇ ಬೋರ್ಡು. ಅರಿಶಿನ ಹಚ್ಚಿದವರು ಯಾರು? ನೀನಾ? ಅವನ ದುಡ್ಡಿನ ಗಲ್ಲೆಯ ಪಕ್ಕದಲ್ಲಿ ಅರಿಶಿನದ ಬಟ್ಟಲಿದೆ. ಸೀರೆ ಕಟ್ಟಿ ಕೊಡುವ ಮೊದಲು ಅಂಗಡಿಯ ಹುಡುಗಿ ಬೆರಳದ್ದಿ ಸೆರಗಿನ ಮೂಲೆಗೆ ಹಚ್ಚುತ್ತಾಳೆ, 'ಒಳ್ಳೇದಾಗಲಿ ಅಕ್ಕಾ' ಅಂತಾಳೆ. ನಮ್ಮ ಹೆಂಗಸರು ಕರಗಿ ಹೋಗ್ತಾರೆ. ನಮ್ಮ ಮನೆಯವರ ಹಾಗೆ ಹಚ್ಚಿ ಕೊಡ್ತಾರೆ ಅಂತ ಊರೆಲ್ಲ ಹೇಳ್ತಾರೆ. ಆ ಬೆರಳು ಮುಟ್ಟಿತೋ, ಸೀರೆ ನಿನ್ನದು. ಹರಿದಿರಲಿ, ಹೊಲಿದಿರಲಿ, ನಿನ್ನದು.

ಇದು ವ್ಯಾಪಾರವಾ? ಭಟ್ಕಳದಲ್ಲಿ ಒಬ್ಬ ಹಡಗಿನ ಅಡಿಗೆಯವ ಸಿಕ್ಕಿದ್ದ, ನವಾಯತ ಮುಸಲ್ಮಾನ. ಲಂಡನ್ನಿನಲ್ಲೂ ಹೀಗೇ ಊರೂರಿಗೆ ಒಂದೇ ಹೆಸರಿನ ಸಸ್ತಾ ಅಂಗಡಿ ಇವೆಯಂತೆ. ಅಲ್ಲಿ ಅಂಗಿ ತಗೊಂಡ, ತೋಳಿನ ಹೊಲಿಗೆ ಬಿಚ್ಚಿತು, ಮೂರು ದಿನ ಬಿಟ್ಟು ಹೋಗಿ ಕೊಟ್ಟ. ಬೇರೆ ಅಂಗಿ ಕೊಟ್ಟು ಕಳಿಸಿದರಂತೆ. ಬಿಳಿಯರು ಕರಿಯ ಖಲಾಸಿಗೆ ಕೊಟ್ಟದ್ದನ್ನು ನಮ್ಮವರು ನಮಗೆ ಕೊಡುವುದಿಲ್ಲ! ಸ್ವರಾಜ್ಯ ಬಂದು ಹದಿನೈದು ವರ್ಷವಾಯ್ತು.

ಯಾಕೆ ನಗ್ತೀ? ಭಾಷಣ ಅಂತಲಾ? ಆತು, ಭಾಷಣವೇ. ಭಾಷಣ ಮಾಡಿಯೇ ಅಲ್ಲವಾ ಊರಿನ ಹಳೆ ಜವಳಿಯವನ ಸೊಕ್ಕು ಮುರಿದದ್ದು. ಆತ ಎಂತ ಮಾಡ್ತಿದ್ದ? ಜಾತಿ ನೋಡಿ ದರ ಹೇಳ್ತಿದ್ದ. ನಮ್ಮಂಥವರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಬಟ್ಟೆ ಎಸೀತಿದ್ದ. ಅದಕ್ಕೇ ನಾನು ಮನೆಮನೆಗೆ ಹೋಗಿ, ಇವರ ಏಕದರದ ಅಂಗಡಿಗೆ ಹೋಗಿ ಅಂದದ್ದು. ಅಲ್ಲಿ ಚೌಕಾಸಿ ಇಲ್ಲ, ಗೌಡನಿಗೂ ಕೂಲಿಯವಳಿಗೂ ಒಂದೇ ದರದ ಚೀಟಿ ಅಂದದ್ದು. ತಪ್ಪಾ?

ಹೌದು, ಹಳೆಯವ ಸೀರೆಯನ್ನು ಈ ತುದಿಯಿಂದ ಆ ತುದಿಗೆ ಬಿಡಿಸಿ ತೋರಿಸುತ್ತಿದ್ದ. ಇವರು ಮಡಿಕೆ ಬಿಚ್ಚಲು ಬಿಡುವುದಿಲ್ಲ. ಅದೂ ಹೌದು... ಹಾಗೆ ನೋಡಬೇಡ.

ಹಾಗೆ ನೋಡಬೇಡ ಅಂದೆನಲ್ಲ. ನಮ್ಮ ಕೇರಿಯ ಮಾದಿಗೂ ಹೀಗೇ ಆಗಿದೆ, ಹೊನ್ನಮ್ಮನಿಗೂ ಆಗಿದೆ. ನಾನೊಬ್ಬನೇ ಹೇಳಿದ್ದಾ? ಆ ಬೋಳುತಲೆಯವ ಎಲ್ಲಿಂದ ಬಂದ? ಹುಬ್ಬಳ್ಳಿಯ ಆಚೆಯಿಂದ. ಅವನಿಗೆ ನಮ್ಮ ಪದ್ಧತಿ ಎಂತ ಗೊತ್ತು? ನಾವು ಅರಿಶಿನ ಹಚ್ಚದೆ ಹೊಸಬಟ್ಟೆ ಉಡುವುದಿಲ್ಲ ಅಂತ ಅವನಿಗೆ...

ಕೇಳು, ಬಾಯಿಬಿಟ್ಟು ಕೇಳು. ಈ ಅರಿಶಿನದ ಉಪಾಯ ಅವನಿಗೆ ಯಾರು ಹೇಳಿಕೊಟ್ಟರು ಅಂತ ಕೇಳು.

...

ಆ ಬೋಳುತಲೆಯವ ನನಗೆ ಕುರ್ಚಿ ಕೊಟ್ಟಿದ್ದ, ಸಣ್ಣಮ್ಮ. ಕುಮಟೆಯ ಅಂಗಡಿಯಲ್ಲಿ. 'ಪಾಂಡು ಅವರೇ, ಕೂತುಕೊಳ್ಳಿ' ಅಂದ. ನನ್ನ ಮೂವತ್ತೆಂಟು ವರ್ಷದಲ್ಲಿ ಒಬ್ಬ ಅಂಗಡಿಯವ ನನಗೆ ಕುರ್ಚಿ ಕೊಟ್ಟದ್ದಿಲ್ಲ. ಚಹಾ ತರಿಸಿದ. ನಿಮ್ಮ ಜನ ನಮ್ಮನ್ನು ಯಾಕೆ ನಂಬುವುದಿಲ್ಲ ಅಂತ ಕೇಳಿದ. ಗಲ್ಲೆಯ ಮೇಲೆ ಒಂದು ಬಟ್ಟಲು ಅರಿಶಿನ ಇಡಿ, ನೀವೇ ಹಚ್ಚಿ ಕೊಡಿ, ನಮ್ಮವರು ಅನ್ನಿಸ್ತದೆ ಅಂದೆ. ನಾನೇ ಅಂದೆ. ಒಳ್ಳೆ ಮನಸ್ಸಿನಿಂದ ಅಂದೆ, ದೇವರಾಣೆ. ಅವ ನನ್ನ ಕೈ ಹಿಡಿದು ಕುಲುಕಿದ.

ಅಷ್ಟೇ.

ಅಷ್ಟೇ ಅಲ್ಲ. ಸರಿ. ಇಪ್ಪತ್ತು ದಿನದ ಹಿಂದೆ ಭಟ್ಕಳಕ್ಕೆ ಹೋಗಿದ್ದೆನಲ್ಲ? ಅಲ್ಲಿನ ಅಂಗಡಿಯಲ್ಲಿ ಒಬ್ಬಳು ಮುದುಕಿ ಹೊಲಿಗೆಯ ಸೀರೆ ಹಿಡಿದು ನಿಂತಿದ್ದಳು. ಬಟ್ಟಲು ತೋರಿಸಿ, ಬೋರ್ಡು ತೋರಿಸಿ ಅವಳನ್ನು ಮೆಟ್ಟಿಲು ಇಳಿಸಿದರು. ನಾನು ಕಂಬದ ಹತ್ತಿರ ನಿಂತು ನೋಡಿದೆ. ಆಗಲೇ ತಿಳಿಯಿತು ನನಗೆ. ನೀನು ದೇವಿಯನ್ನು ಕರಕೊಂಡು ಸೀರೆಗೆ ಹೋದದ್ದು ಅದಾದ ಮೇಲಿನ ವಾರ. ಹೊರಡುವ ಮೊದಲು ನನ್ನನ್ನು ಕೇಳಿದೆ. ಆ ಅಂಗಡಿಗೆ ಹೋಗಬಹುದಾ ಅಣ್ಣ, ಅಂದೆ ನೀನು.

ಹೋಗು ಅಂದೆ ನಾನು.

ಬೇಡ ಅನ್ನಬೇಕಿತ್ತು. ಬೇಡ ಅಂದರೆ ಯಾಕೆ ಅಂತ ಕೇಳ್ತಿದ್ದೆ. ಊರು ಕೇಳ್ತಿತ್ತು. ಆಮೇಲೆ ಪಾಂಡುವಿನ ಮಾತಿಗೆ ಯಾರು ನಿಲ್ತಿದ್ದರು? ನಿನ್ನ ಮಗಳ ಸೀರೆ ಹೊಲಿಗೆಯದ್ದು ಇರಲಾರದು, ಎಲ್ಲವೂ ಹಾಗಿರಲಾರದು ಅಂತ... ನನಗೆ ನಾನೇ ಹೇಳಿಕೊಂಡೆ.

ಬೈದುಬಿಡು. ಬೈಯುವುದಿಲ್ಲವಾ? ಸೀರೆ ಮಡಚುತ್ತಾ ಕೂತರೆ ನಾನು ಎಂತ ತಿಳಿಯಲಿ?

ಸರಿ, ಮಡಚು. ಮಡಚಿ ಚೀಲಕ್ಕೆ ಹಾಕು. ನಾಳೆ ಮೊದಲ ತಾರಿಗೆ ಬಾ. ಹೊನ್ನಮ್ಮನನ್ನು ಎಬ್ಬಿಸು, ಮಾದಿಯನ್ನು ಎಬ್ಬಿಸು, ಹೊಲಿಗೆಯ ಸೀರೆ ಇರುವವರೆಲ್ಲ ಬರಲಿ. ಅಂಗಡಿಯ ಮೆಟ್ಟಿಲ ಮೇಲೆ ಎಲ್ಲವನ್ನೂ ಉದ್ದಕ್ಕೆ ಹಾಸಿ. ನಾನು ಬಾಯಿ ತೆರೆಯುವುದಿಲ್ಲ, ನೀನು ಮಾತಾಡು. ಮೊದಲು ನನ್ನ ಹೆಸರು ಹೇಳು, ಆಮೇಲೆ ಅವನದ್ದು. ಒಳ್ಳೆ ಸೀರೆ ಕೊಡುವವರೆಗೆ ಇಳಿಯಬೇಡ.